ಪತ್ರದಲ್ಲಿ ಪಶ್ಚಿಮ, ನೆಲದಲ್ಲಿ ಪೂರ್ವ

ಮನೆ ಕೊಳ್ಳುವವರ ಪರವಾಗಿ ಕಾಗದಪತ್ರ ನೋಡುವವರು ಆ ಮನೆಯನ್ನೇ ಹೋಗಿ ನೋಡುವ ಪದ್ಧತಿ ಇಂಗ್ಲೆಂಡಿನಲ್ಲಿ ಇಲ್ಲ. ನೋಂದಣಿ ಕಚೇರಿಯ ದಾಖಲೆ ಕಂಪ್ಯೂಟರಿಗೆ ಬರುತ್ತದೆ, ನಕ್ಷೆ ಬರುತ್ತದೆ, ಕೌನ್ಸಿಲಿನ ಉತ್ತರಗಳು ಬರುತ್ತವೆ. ಅವನ್ನು ಓದಿ, ಪ್ರಶ್ನೆ ಕೇಳಿ, ಸಹಿ ಹಾಕಿಸಿ, ಕೀಲಿಕೈ ಕೊಡಿಸಿದರೆ ಕೆಲಸ ಮುಗಿಯಿತು. ಲೆಸ್ಟರಿನ ನಮ್ಮ ಸಣ್ಣ ವಕೀಲರ ಕಚೇರಿಯಲ್ಲಿ ನಾನು ಮಾಡುವುದು ಇದೇ ಕೆಲಸ. ಆದರೆ ನಾನು ಹೋಗಿ ನೋಡುತ್ತೇನೆ. ಎಲ್ಲ ಮನೆಗಳಿಗೂ ಹೋಗಲು ಆಗುವುದಿಲ್ಲ, ಹಳೆಯ ಕಟ್ಟಡದ ಫ್ಲ್ಯಾಟ್ ಆದರೆ ಹೋಗಿಯೇ ಹೋಗುತ್ತೇನೆ. ಕಚೇರಿಯವರು ಇದನ್ನು ನನ್ನ ಹುಚ್ಚು ಎನ್ನುತ್ತಾರೆ. ಇರಲಿ.

ಹುಚ್ಚಿಗೆ ಕಾರಣ ನನ್ನ ತಂದೆ. ರಾಣೆಬೆನ್ನೂರಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಮೇಜು ಹಾಕಿಕೊಂಡು ಅವರು ಬಾಂಡ್ ಬರೆಯುತ್ತಿದ್ದರು. ಜಾಗದ ಚೆಕ್ಕುಬಂದಿ ಬರೆಯದೆ ನಮ್ಮಲ್ಲಿ ಯಾವ ಕ್ರಯಪತ್ರವೂ ಆಗುವುದಿಲ್ಲ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಖಾಲಿ ಜಾಗ, ದಕ್ಷಿಣಕ್ಕೆ ಓಣಿ. ಬೇರೆ ಬಾಂಡ್ ರೈಟರುಗಳು ಹಳೆಯ ಪತ್ರ ನೋಡಿ ಇದನ್ನು ನಕಲು ಮಾಡುತ್ತಿದ್ದರು. ನಮ್ಮಪ್ಪ ಸೈಕಲ್ ಹತ್ತಿ ಹೋಗಿ, ಜಾಗದ ನಡುವೆ ನಿಂತು, ನಾಲ್ಕು ದಿಕ್ಕಿಗೂ ಮುಖ ಮಾಡಿ ನೋಡಿಕೊಂಡು ಬಂದು ಬರೆಯುತ್ತಿದ್ದರು. ಇದರಿಂದ ಅವರಿಗೆ ಗಿರಾಕಿ ಕಡಿಮೆ, ಬೈಗುಳ ಜಾಸ್ತಿ. ಎರಡೂ ನನಗೆ ಪಿತ್ರಾರ್ಜಿತವಾಗಿ ಬಂದಿವೆ.

ನಾನು ಹೇಳಹೊರಟಿರುವುದು ನಾಟಿಂಗ್‌ಹ್ಯಾಮಿನ ಬೀಸ್ಟನ್ನಿನಲ್ಲಿರುವ ಒಂದು ಫ್ಲ್ಯಾಟಿನ ವಿಷಯ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಕೆಂಪು ಇಟ್ಟಿಗೆಯ ಕಟ್ಟಡ. ನಡುವೆ ಮೆಟ್ಟಿಲು. ನೆಲಮಟ್ಟದಲ್ಲಿ ಎರಡು ಮನೆ, ಮೊದಲ ಮಹಡಿಯಲ್ಲಿ ಎರಡು, ಸೂರಿನ ಕೆಳಗೆ ಒಂದು. ಒಟ್ಟು ಐದೇ. ಐದು ಮನೆಯವರೂ ಸೇರಿ ಒಂದು ಕಂಪನಿ ಮಾಡಿಕೊಂಡು ನೆಲದ ಒಡೆತನ ಇಟ್ಟುಕೊಂಡಿದ್ದರು. ಪ್ರತಿ ಮನೆಗೂ ಆ ಕಂಪನಿಯಿಂದ ದೀರ್ಘಾವಧಿಯ ಲೀಸ್. ಮೂರನೇ ನಂಬರಿನ ಮನೆ ಮಾರಾಟಕ್ಕಿತ್ತು. ಅದರ ಮಾಲೀಕ ಲಂಡನ್ನಿನಲ್ಲಿದ್ದ, ಬಾಡಿಗೆಗೆ ಕೊಟ್ಟುಕೊಂಡಿದ್ದ.

ಕೊಳ್ಳುವವರು ಬಾಗಲಕೋಟೆ ಕಡೆಯ ಒಬ್ಬ ಡಾಕ್ಟರು. ಮೂಳೆ ಶಸ್ತ್ರಚಿಕಿತ್ಸೆಯ ವಿಭಾಗದಲ್ಲಿ ಕೆಲಸ. ಗಂಡನಿಂದ ಬೇರೆಯಾಗಿ ಹನ್ನೊಂದು ವರ್ಷದ ಮಗಳ ಜೊತೆ ಬಾಡಿಗೆ ಮನೆಯಲ್ಲಿದ್ದರು. ಆ ಬಾಡಿಗೆ ಮನೆಯ ಮಾಲೀಕ ಮನೆ ಮಾರುತ್ತೇನೆಂದು ಎರಡು ತಿಂಗಳ ನೋಟಿಸ್ ಕೊಟ್ಟಿದ್ದ. ಸೆಪ್ಟೆಂಬರಿನಲ್ಲಿ ಮಗಳಿಗೆ ಹೊಸ ಶಾಲೆ, ಅದು ಈ ಕಟ್ಟಡದಿಂದ ನಡೆದು ಹೋಗುವಷ್ಟು ಹತ್ತಿರ. ಈ ದೇಶಕ್ಕೆ ಬಂದ ಮೇಲೆ ಏಳು ಸಲ ಮನೆ ಬದಲಿಸಿದ್ದೇನೆ, ಇನ್ನು ಯಾರೂ ಎದ್ದು ಹೋಗು ಎನ್ನಲಾಗದ ಒಂದು ಮನೆ ಬೇಕು ಎಂದು ಮೊದಲ ಭೇಟಿಯಲ್ಲೇ ಹೇಳಿದ್ದರು. ಕನ್ನಡದವರ ಒಂದು ಮದುವೆ ಊಟದಲ್ಲಿ ಯಾರೋ ನನ್ನ ಹೆಸರು ಹೇಳಿದ್ದರಂತೆ. ನಾವಿಬ್ಬರೂ ಉತ್ತರ ಕರ್ನಾಟಕದವರೇ ಆದರೂ ಶುರುವಿಗೆ ಬೆಂಗಳೂರಿನವರ ಹಾಗೆ ಮಾತಾಡಿಕೊಂಡೆವು. ಇಲ್ಲಿ ಎಲ್ಲರೂ ಹಾಗೆಯೇ.

ಕಾಗದಪತ್ರಗಳು ಒಳ್ಳೆಯವೇ ಇದ್ದವು. ಕಟ್ಟಡದ ವಿವರಗಳನ್ನು ಕೇಳಿ ಕಂಪನಿಯ ಕಾರ್ಯದರ್ಶಿಗೆ ಬರೆದಿದ್ದೆ. ಉತ್ತರ ಕೈಬರಹದಲ್ಲಿ ಬಂತು. ಕಾರ್ಯದರ್ಶಿ ಎಂದರೆ ನಾಲ್ಕನೇ ನಂಬರಿನ ಅಜ್ಜಿ. ಕಟ್ಟಡದ ಮನೆಗಳನ್ನು ಒಂದೊಂದಾಗಿ ಲೀಸಿಗೆ ಕೊಡುವ ಮುಂಚಿನಿಂದಲೂ, ಬಾಡಿಗೆದಾರಳಾಗಿ, ಅಲ್ಲೇ ಇದ್ದವಳು. ಸೂರಿನ ರಿಪೇರಿ ಯಾವಾಗ ಆಯಿತು, ಮೋರಿ ಕಟ್ಟಿಕೊಂಡಾಗ ಯಾರನ್ನು ಕರೆಯಬೇಕು, ಯಾರು ಕಸದ ಡಬ್ಬಿ ಹೊರಗಿಡಬೇಕು ಎಲ್ಲವನ್ನೂ ಬರೆದು, ಕೊನೆಗೆ ಒಂದು ಸಾಲು ಸೇರಿಸಿದ್ದಳು. ಇಷ್ಟು ಪ್ರಶ್ನೆ ಕೇಳಿದವರು ನೀವೇ ಮೊದಲು, ಉತ್ತರಗಳನ್ನು ದಯವಿಟ್ಟು ಓದಿ ಎಂದು. ನನಗೆ ಅವಳ ಮೇಲೆ ಆಗಲೇ ಪ್ರೀತಿ ಬಂತು.

ಜುಲೈನ ಒಂದು ಮಧ್ಯಾಹ್ನ ರೈಲು ಹತ್ತಿ ಬೀಸ್ಟನ್ನಿಗೆ ಹೋದೆ. ಮನೆ ಮಾರಾಟದ ಏಜೆಂಟ್ ಬೀಗ ತೆಗೆಯಲು ಬಂದಿದ್ದ. ವಕೀಲರ ಕಡೆಯವರು ಮನೆ ನೋಡಲು ಬಂದದ್ದನ್ನು ಅವನು ತನ್ನ ವೃತ್ತಿಯಲ್ಲಿ ಕಂಡಿರಲಿಲ್ಲವಂತೆ. ಮೊದಲ ಮಹಡಿಗೆ ಹತ್ತಿದೆವು. ಎಡಗಡೆ ಮೂರು, ಬಲಗಡೆ ನಾಲ್ಕು, ಹಿತ್ತಾಳೆಯ ಅಂಕಿಗಳು. ಮೂರರ ಬಾಗಿಲು ತೆಗೆದ. ಮನೆ ಚೆನ್ನಾಗಿತ್ತು. ಕಬ್ಬಿಣದ ಚೌಕಟ್ಟಿನ ಕಿಟಕಿಗಳು, ರಸ್ತೆಯ ಕಡೆಗೆ ಉಬ್ಬಿದ ದೊಡ್ಡ ಕಿಟಕಿ, ಹಿಂದೆ ಅಡುಗೆಮನೆ. ನಾನು ನಡುಮನೆಯಲ್ಲಿ ನಿಂತು ಲೀಸಿನ ನಕ್ಷೆ ಬಿಚ್ಚಿದೆ.

ನಕ್ಷೆಯಲ್ಲಿ ಮೂರನೇ ಮನೆಗೆ ಕೆಂಪು ಗೆರೆ ಎಳೆದಿದ್ದರು. ಅದರ ಪಕ್ಕಕ್ಕೆ, ಪಶ್ಚಿಮದಲ್ಲಿ, ಕಾರು ನಿಲ್ಲಿಸುವ ಗ್ಯಾರೇಜುಗಳ ಸಾಲು. ಪೂರ್ವಕ್ಕೆ ಮೆಟ್ಟಿಲು. ನಾನು ಪಕ್ಕದ ಕಿಟಕಿಯಿಂದ ನೋಡಿದೆ. ಗ್ಯಾರೇಜು ಇರಲಿಲ್ಲ. ಒಂದು ಓಣಿ ಇತ್ತು, ಆಚೆ ಯಾರದೋ ಹಿತ್ತಲಿನ ಬೇಲಿ. ನಕ್ಷೆಯನ್ನು ತಿರುಗಿಸಿ ಹಿಡಿದೆ, ಮತ್ತೆ ತಿರುಗಿಸಿದೆ. ಫೋನಿನ ದಿಕ್ಸೂಚಿ ತೆಗೆದೆ. ಕಿಟಕಿ ಪೂರ್ವಕ್ಕಿತ್ತು. ಕೆಳಗಿಳಿದು ಕಟ್ಟಡವನ್ನು ಒಂದು ಸುತ್ತು ಹಾಕಿದೆ. ಗ್ಯಾರೇಜುಗಳು ಇದ್ದವು, ನಾಲ್ಕನೇ ನಂಬರಿನ ಅಜ್ಜಿಯ ಕಿಟಕಿಯ ಕೆಳಗೆ. ಕಚೇರಿಯಿಂದ ಅಜ್ಜಿಯ ಲೀಸಿನ ನಕ್ಷೆಯನ್ನೂ ಫೋನಿಗೆ ತರಿಸಿಕೊಂಡು ನೋಡಿದೆ. ಅದರಲ್ಲಿ ಕೆಂಪು ಗೆರೆ ಇದ್ದದ್ದು ನಾನು ಆಗಷ್ಟೇ ನಿಂತಿದ್ದ ಮನೆಗೆ.

ಅಂದರೆ ಕಾಗದದಲ್ಲಿ ಎರಡು ಮನೆಗಳೂ ಅದಲುಬದಲು. ಲಂಡನ್ನಿನವನು ಮಾರುತ್ತಿದ್ದದ್ದು ಅಜ್ಜಿ ವಾಸವಿರುವ ಮನೆ. ಅಜ್ಜಿಯ ಹೆಸರಿನಲ್ಲಿದ್ದದ್ದು ಡಾಕ್ಟರು ಮೆಚ್ಚಿದ ಮನೆ. ಒಂದು ಇನ್ನೊಂದರ ಕನ್ನಡಿ ಬಿಂಬ. ಅಳತೆ ಒಂದೇ, ಕೋಣೆಗಳು ಅವೇ. ಸಾಲ ಕೊಡುವ ಮುಂಚೆ ಮನೆಯ ಬೆಲೆ ಕಟ್ಟಲು ಬಂದುಹೋದ ಬ್ಯಾಂಕಿನವರು ಟೇಪು ಹಿಡಿದರೂ ವ್ಯತ್ಯಾಸ ಕಾಣುವಂತಿರಲಿಲ್ಲ. ಯಾವ ಕಡೆಗೆ ಮುಖ ಎಂದು ಕೇಳಿದ್ದರೆ ಮಾತ್ರ ಕಾಣುತ್ತಿತ್ತು.

ಇಲ್ಲಿ ನನ್ನ ತಪ್ಪು ಹೇಳಬೇಕು. ಬಾಯಿ ಮುಚ್ಚಿಕೊಂಡು ಕಚೇರಿಗೆ ಬಂದು, ನನ್ನ ಕಕ್ಷಿದಾರರಿಗೆ ಮೊದಲು ಹೇಳುವುದು ನನ್ನ ಕರ್ತವ್ಯವಾಗಿತ್ತು. ಏಜೆಂಟ್ ಗಡಿಯಾರ ನೋಡುತ್ತ, ಇಷ್ಟು ಹೊತ್ತು ಗೋಡೆ ನೋಡಿ ಏನು ಸಿಕ್ಕಿತು ಎಂದು ನಕ್ಕ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನೀನು ಮಾರುತ್ತಿರುವುದು ಬೇರೆಯವರ ಮನೆ ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಏಜೆಂಟ್ ಸುದ್ದಿ ಮುಟ್ಟಿಸಿದ, ಮರುದಿನ ಬೆಳಿಗ್ಗೆ ಲಂಡನ್ನಿನ ಮಾಲೀಕನ ವಕೀಲರ ಪತ್ರ ಬಂತು. ಇನ್ನು ಹತ್ತು ದಿನದೊಳಗೆ ಕರಾರು ಆಗದಿದ್ದರೆ ಮನೆಯನ್ನು ಬೇರೆಯವರಿಗೆ ತೋರಿಸುತ್ತೇವೆ ಎಂದು. ಈ ದೇಶದಲ್ಲಿ ಎರಡೂ ಕಡೆಯವರು ಕರಾರುಪತ್ರ ವಿನಿಮಯ ಮಾಡಿಕೊಳ್ಳುವ ಕ್ಷಣದವರೆಗೆ ಯಾರಿಗೂ ಯಾವ ಬಂಧನವೂ ಇಲ್ಲ. ನಮ್ಮ ಕಡೆಯ ಹಾಗೆ ಎಲೆ ಅಡಿಕೆ ಹಿಡಿದು ಮಾತು ಕೊಟ್ಟರೆ ಮುಗಿಯಿತು ಎನ್ನುವಂತಿಲ್ಲ.

ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಏಜೆಂಟಿನ ಮುಂದೆ ಬಾಯಿ ಬಿಟ್ಟದ್ದನ್ನೂ ಹೇಳಿದೆ. ಅವರು ಮಾತಿನ ಬೆಂಗಳೂರು ಧಾಟಿ ಬಿಟ್ಟುಬಿಟ್ಟರು.

“ನಮ್ಮವರು ಅಂತ ನಿಮ್ಮ ಕಡೆ ಬಂದ್ನಿ, ಅಕ್ಕಾರ. ಬ್ಯಾರೆ ಯಾರರ ಆಗಿದ್ರ ಮನಿ ನೋಡಾಕ ಹೋಗ್ತಿದ್ದಿಲ್ಲ. ನಂಗ ಮನಿ ಸಿಗ್ತಿತ್ತು.”

ಅವರು ಹೇಳಿದ್ದು ನಿಜ.

ನಮ್ಮ ಕಚೇರಿಯ ಮುಖ್ಯಸ್ಥರು ಕೆಟ್ಟವರಲ್ಲ, ಕೆಲಸ ಸಾಗಬೇಕು ಎನ್ನುವವರು. ಅವರು ಪರಿಹಾರವನ್ನು ಐದು ನಿಮಿಷದಲ್ಲಿ ಹೇಳಿದರು. ಇಂಥ ಕೊರತೆಗಳಿಗೆ ಒಂದು ಇನ್ಶೂರೆನ್ಸ್ ಪಾಲಿಸಿ ಸಿಗುತ್ತದೆ. ಮುಂದೆ ಯಾರಾದರೂ ತಕರಾರು ತೆಗೆದರೆ ಇನ್ಶೂರೆನ್ಸ್ ಕಂಪನಿ ನಷ್ಟ ತುಂಬುತ್ತದೆ. ಮಾರುವವನೇ ಕೊಡಿಸುತ್ತಾನೆ. ಸಾಲ ಕೊಡುವ ಬ್ಯಾಂಕಿಗೆ ತಿಳಿಸಿದರೆ ಅವರೂ ಸಾಮಾನ್ಯವಾಗಿ ಒಪ್ಪುತ್ತಾರೆ. ಇಷ್ಟು ದಶಕ ಯಾರಿಗೂ ಕಾಣದ್ದು ಇನ್ನಷ್ಟು ದಶಕ ಕಾಣುವುದಿಲ್ಲ. ನಮ್ಮ ಕೆಲಸ ಕಾಗದ, ಇಟ್ಟಿಗೆಯಲ್ಲ ಎಂದರು. ಪಾಲಿಸಿಗೆ ಒಂದೇ ಷರತ್ತು. ಎದುರು ಮನೆಯವರಿಗೆ, ಅಂದರೆ ಅಜ್ಜಿಗೆ, ವಿಷಯ ತಿಳಿಸಬಾರದು. ಒಮ್ಮೆ ಆ ಬಾಗಿಲು ತಟ್ಟಿದರೆ ಯಾವ ಕಂಪನಿಯೂ ಪಾಲಿಸಿ ಕೊಡುವುದಿಲ್ಲ.

ನಾನು ಒಂದು ಪ್ರಶ್ನೆ ಕೇಳಿದೆ. ಲಂಡನ್ನಿನವನ ಮನೆಯ ಮೇಲೆ ಸಾಲ ಇದೆ, ನಾಳೆ ಡಾಕ್ಟರೂ ಸಾಲ ಮಾಡುತ್ತಾರೆ, ಆ ಸಾಲಗಳೆಲ್ಲ ಕಾಗದದ ಪ್ರಕಾರ ಯಾರ ಮನೆಯ ಮೇಲೆ? ಅಜ್ಜಿಯ ಮನೆಯ ಮೇಲೆ. ಸಾಲ ಕಟ್ಟದಿದ್ದರೆ ಬ್ಯಾಂಕಿನ ಪತ್ರ ಹಿಡಿದವರು ಯಾವ ಮನೆಗೆ ಬರುತ್ತಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮುಖ್ಯಸ್ಥರು, ಹಾಗೆ ಆಗುವುದಿಲ್ಲ, ಆದರೂ ನ್ಯಾಯಾಲಯ ಸರಿಮಾಡುತ್ತದೆ ಎಂದರು. ಸರಿಮಾಡುತ್ತದೆ, ನಿಜ. ಎಷ್ಟು ವರ್ಷಕ್ಕೆ, ಅಷ್ಟರಲ್ಲಿ ಡಾಕ್ಟರು ಮನೆ ಮಾರಲು ಹೊರಟರೆ ಏನಾಗುತ್ತದೆ ಎನ್ನುವುದನ್ನು ಅವರೂ ಹೇಳಲಿಲ್ಲ. ಯಾರೂ ಎದ್ದು ಹೋಗು ಎನ್ನಲಾಗದ ಮನೆ ಬೇಕು ಎಂದವರಿಗೆ, ತನ್ನದಲ್ಲದ ಮನೆಯಲ್ಲಿ ತನ್ನದೆಂದುಕೊಂಡು ಕೂರುವ ವ್ಯವಸ್ಥೆ ಮಾಡಿಕೊಡಲು ನನಗೆ ಮನಸ್ಸಾಗಲಿಲ್ಲ.

ಆ ಶುಕ್ರವಾರ ಡಾಕ್ಟರು ಕಚೇರಿಗೆ ಬಂದರು. ಮುಖ್ಯಸ್ಥರು ಒಂದು ಪತ್ರ ಸಿದ್ಧಮಾಡಿದ್ದರು. ನಕ್ಷೆಯ ಕೊರತೆ ನನಗೆ ತಿಳಿದಿದೆ, ಪಾಲಿಸಿಯ ಆಧಾರದ ಮೇಲೆ ಮುಂದುವರಿಯಲು ನಾನೇ ಹೇಳಿದ್ದೇನೆ ಎಂದು ಅದರಲ್ಲಿತ್ತು. ಸಹಿ ಹಾಕಿದರೆ ಮುಂದಿನ ವಾರ ಕರಾರು, ತಿಂಗಳ ಕೊನೆಗೆ ಕೀಲಿಕೈ. ಸಹಿ ಹಾಕದಿದ್ದರೆ ನೋಟಿಸ್ ಮುಗಿದು ಬಾಡಿಗೆ ಮನೆಯೂ ಹೋಗುತ್ತದೆ, ಈ ಮನೆಯೂ ಹೋಗಬಹುದು. ಎರಡೂ ದಾರಿಗಳನ್ನು ಮುಖ್ಯಸ್ಥರು ನ್ಯಾಯವಾಗಿಯೇ ವಿವರಿಸಿದರು. ಡಾಕ್ಟರು ಪೆನ್ನು ತೆಗೆದುಕೊಂಡರು. ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರು, ಕಣ್ಣುಗಳು ಕೆಂಪಾಗಿದ್ದವು. ಮುಖ್ಯಸ್ಥರು ನನ್ನ ಕಡೆ ನೋಡಿ, ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಇದೆ ಎಂದು, ನಾನು ಕನ್ನಡದಲ್ಲಿ, ರಾಣೆಬೆನ್ನೂರಿನ ಕನ್ನಡದಲ್ಲಿ ಶುರುಮಾಡಿದೆ.

“ಡಾಕ್ಟರ, ಆಪರೇಷನ್ನಿಗೆ ಮೊದಲ ಪೇಶಂಟಿನ ಕಾಲಿನ ಮ್ಯಾಲೆ ನೀವೇನ್ ಬರಿತೀರಿ?”

ಅವರು ತಲೆ ಎತ್ತಿದರು. “ಬಾಣ ಬರಿತೇವ್ರಿ. ಯಾವ ಕಾಲು ಅಂತ.”

“ಕಾಗದದಾಗ ಬರದಿರ್ತೈತಲ್ಲ. ಮತ್ತ್ಯಾಕ ಬರಿತೀರಿ?”

“ಕಾಗದ ತಪ್ಪಿರಬೌದು.”

“ಅಷ್ಟ ನಾ ಕೇಳೂದಿತ್ತು.”

ಪೆನ್ನು ಅವರ ಕೈಯಲ್ಲೇ ಇತ್ತು. ಅದನ್ನು ಮೇಜಿನ ಮೇಲೆ ಅಡ್ಡ ಇಟ್ಟರು. ಸಹಿ ಹಾಕುವುದಿಲ್ಲ, ಎದುರು ಮನೆಯ ಬಾಗಿಲು ತಟ್ಟಿ ಎಂದು ಮುಖ್ಯಸ್ಥರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅವರು ಹೋದ ಮೇಲೆ ಮುಖ್ಯಸ್ಥರು ನನ್ನನ್ನು ಕರೆದು, ನೀನು ಏನು ಹೇಳಿದೆ ಎಂದು ಕೇಳಿದರು. ಅವರ ಕೆಲಸದ ಬಗ್ಗೆ ವಿಚಾರಿಸಿದೆ ಎಂದೆ. ಇನ್ನು ಮುಂದೆ ಸ್ಥಳಕ್ಕೆ ಹೋದ ಸಮಯವನ್ನು ಕಚೇರಿಯ ಸಮಯವೆಂದು ಬರೆಯಬಾರದು ಎಂದರು. ಬರೆಯುವುದಿಲ್ಲ, ರಜೆ ಹಾಕಿ ಹೋಗುತ್ತೇನೆ ಎಂದೆ.

ಮಂಗಳವಾರ ರಜೆ ಹಾಕಿ ಹೋದೆ. ಅಜ್ಜಿ ಬಾಗಿಲ ಸರಪಳಿ ತೆಗೆಯದೆಯೇ ಮಾತಾಡಿದಳು. ನಾನು ಪತ್ರ ಬರೆದು, ಫೋನ್ ಮಾಡಿ, ಸಮಯ ಕೇಳಿಕೊಂಡೇ ಹೋಗಿದ್ದೆ. ಆದರೂ ಸರಪಳಿ. ಹಿಂದೆ ಯಾರೋ ಇಡೀ ಕಟ್ಟಡವನ್ನು ಕೊಂಡು ಕೆಡವಿ ಹೊಸದು ಕಟ್ಟಲು ಬಂದಿದ್ದರಂತೆ. ಅವರೂ ನಗುನಗುತ್ತ ನಕ್ಷೆ ಹಿಡಿದೇ ಬಂದಿದ್ದರಂತೆ. ಮೊದಲ ಮಾತಿನಲ್ಲೇ ಹೇಳಿದೆ: ನಾನು ನಿಮ್ಮ ವಕೀಲಳಲ್ಲ, ಕೊಳ್ಳುವವರ ಕಡೆಯವಳು, ನಾನು ಹೇಳಿದೆನೆಂದು ಯಾವುದಕ್ಕೂ ಸಹಿ ಹಾಕಬೇಡಿ, ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಿ, ಅದರ ಖರ್ಚನ್ನು ಮಾರುವವನ ಕೈಯಲ್ಲೇ ಕೊಡಿಸುತ್ತೇನೆ. ಆಮೇಲೆ ಅವಳದೇ ಲೀಸಿನ ನಕ್ಷೆಯ ಪ್ರತಿಯನ್ನು ಸಂದಿಯಲ್ಲಿ ಒಳಗೆ ಕೊಟ್ಟು, ನಿಮ್ಮ ಗ್ಯಾರೇಜು ಯಾವ ಕಡೆ ಇದೆ ನೋಡಿ ಎಂದೆ.

ಸ್ವಲ್ಪ ಹೊತ್ತಿಗೆ ಸರಪಳಿ ಬಿಚ್ಚಿತು. ಅಜ್ಜಿಗೆ ಎಂಬತ್ತರ ಮೇಲೆ ವಯಸ್ಸು, ಬೆನ್ನು ಮಾತ್ರ ನೆಟ್ಟಗಿತ್ತು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿದವಳು. ಕನ್ನಡಕ ಬದಲಿಸಿ ನಕ್ಷೆಯನ್ನು ಮೂರು ಸಲ ನೋಡಿದಳು. ಎದುರಿನವನು ಸಾಲ ಕಟ್ಟದೇ ಹೋಗಿದ್ದರೆ ಯಾರ ಮನೆಗೆ ಬರುತ್ತಿದ್ದರು ಎಂದು ತಾನೇ ಕೇಳಿದಳು. ನಿಮ್ಮ ಮನೆಗೆ ಎಂದೆ. ಬರಲಿ ನೋಡೋಣ, ಮೀ ಡಕ್, ಎಂದಳು. ಅಲ್ಲಿನವರು ಪರಿಚಯವಿಲ್ಲದವರನ್ನೂ ಪ್ರೀತಿಯಿಂದ ಹಾಗೆ ಕರೆಯುತ್ತಾರೆ. ಆದರೆ ಆ ಮಾತನ್ನು ಅವಳು ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು, ಕೈ ಕಿಟಕಿಯ ಕಟ್ಟೆಯನ್ನು ಬಿಗಿಯಾಗಿ ಹಿಡಿದಿತ್ತು.

ತಪ್ಪು ಹೇಗಾಯಿತು ಎನ್ನುವುದು ತಿಳಿದದ್ದು ಅವಳಿಂದಲೇ. ಲೀಸ್ ಕೊಡುವ ಮುಂಚೆ ಮನೆಗಳಿಗೆ ನಂಬರು ಇರಲಿಲ್ಲ, ಬಾಡಿಗೆದಾರರ ಹೆಸರೇ ಗುರುತು. ನಕ್ಷೆ ಬರೆದವನು ಮೇಲೆ ಬರಲೇ ಇಲ್ಲವಂತೆ, ರಸ್ತೆಯ ಆಚೆ ನಿಂತು ಎಡದಿಂದ ಬಲಕ್ಕೆ ಅಂಕಿ ಹಾಕಿಕೊಂಡು ಹೋದ. ಹಿತ್ತಾಳೆಯ ಅಂಕಿ ಹೊಡೆಯಲು ಬಂದ ಬಡಗಿ ಮಾತ್ರ ಮೆಟ್ಟಿಲು ಹತ್ತಿ ಬಂದ. ಅಜ್ಜಿಯೂ ನಾನೂ ಕೆಳಗಿಳಿದು ಮತ್ತೆ ಹತ್ತಿ ನೋಡಿದೆವು. ಒಳಗೆ ಬರುವಾಗ ಮುಖ ಹಿತ್ತಲ ಕಡೆಗಿರುತ್ತದೆ. ಅರ್ಧ ಹತ್ತಿದ ಮೇಲೆ ಮೆಟ್ಟಿಲು ತಿರುಗುತ್ತದೆ, ಮೇಲೆ ಬಂದು ನಿಂತಾಗ ಮುಖ ರಸ್ತೆಯ ಕಡೆಗೆ. ರಸ್ತೆಯಿಂದ ನೋಡಿದವನ ಎಡ ಇಲ್ಲಿ ಬಲವಾಗಿರುತ್ತದೆ. ನೆಲಮಟ್ಟದ ಎರಡು ಮನೆಗಳಿಗೆ ತೊಂದರೆಯಾಗಲಿಲ್ಲ, ಸೂರಿನ ಕೆಳಗೆ ಒಂದೇ ಮನೆ. ತಪ್ಪಿದ್ದು ಈ ಎರಡೇ. ನಕ್ಷೆಯವನೂ ಬಡಗಿಯೂ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು, ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಲಿಲ್ಲ.

ಮಾಲೀಕನ ವಕೀಲರಿಗೆ ನಾನು ಅರ್ಧ ಪುಟದ ಪತ್ರ ಬರೆದೆ. ನಿಮ್ಮ ಕಕ್ಷಿದಾರರಿಗೆ ಈಗ ಈ ಕೊರತೆ ತಿಳಿದಿದೆ. ಎದುರು ಮನೆಯವರಿಗೂ ತಿಳಿದಿದೆ, ಆದ್ದರಿಂದ ಪಾಲಿಸಿ ಯಾರಿಗೂ ಸಿಗುವುದಿಲ್ಲ. ಮುಂದೆ ಯಾರು ಕೊಳ್ಳಲು ಬಂದರೂ ಅವರು ಕೇಳಿದಾಗ ನಿಜ ಹೇಳಬೇಕಾಗುತ್ತದೆ. ಬೇರೆಯವರಿಗೆ ತೋರಿಸುವುದಾದರೆ ಧಾರಾಳವಾಗಿ ತೋರಿಸಿ. ಈ ಪತ್ರ ಬರೆದಾಗ ನನಗೆ ಬಹಳ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಉತ್ತರ ಬರಲು ಎರಡು ವಾರ ಹಿಡಿಯಿತು. ಒಪ್ಪಿಕೊಂಡಿದ್ದರು.

ಒಪ್ಪಿಕೊಂಡ ಮೇಲೆ ಶುರುವಾಯಿತು ನಿಜವಾದ ಕಷ್ಟ. ಬೇಕಾದದ್ದು ಒಂದು ತಿದ್ದುಪಡಿ ಪತ್ರ. ಅದಕ್ಕೆ ನೆಲದ ಒಡೆತನದ ಕಂಪನಿ ಸಹಿ ಹಾಕಬೇಕು, ಅಜ್ಜಿ ಹಾಕಬೇಕು, ಮಾಲೀಕ ಹಾಕಬೇಕು, ಅವನಿಗೆ ಸಾಲ ಕೊಟ್ಟ ಬ್ಯಾಂಕು ಒಪ್ಪಿಗೆ ಕೊಡಬೇಕು. ಕಂಪನಿಯ ಸಭೆಯನ್ನು ಅಜ್ಜಿ ತನ್ನ ನಡುಮನೆಯಲ್ಲಿ ಕರೆದು ಒಂದೇ ಸಂಜೆಯಲ್ಲಿ ಠರಾವು ಮಾಡಿಸಿದಳು. ಆದರೆ ಬ್ಯಾಂಕಿನ ಒಪ್ಪಿಗೆ ಬರುವವರೆಗೆ ತನ್ನ ಸಹಿ ಇಲ್ಲ ಎಂದಳು. ಅವಳ ವಕೀಲರು ಹಾಗೆ ಹೇಳಿದ್ದರು, ಸರಿಯಾಗಿಯೇ ಹೇಳಿದ್ದರು. ಬ್ಯಾಂಕಿನಲ್ಲಿ ನಮ್ಮ ಕಾಗದ ಯಾವ ಮೇಜಿನ ಮೇಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ವಾರಕ್ಕೆರಡು ಸಲ ಫೋನ್ ಮಾಡಿದೆ. ಪ್ರತಿ ಸಲವೂ ಹೊಸಬರು, ಪ್ರತಿ ಸಲವೂ ಎರಡು ಮನೆ ಅದಲುಬದಲಾದ ಕಥೆಯನ್ನು ಮೊದಲಿನಿಂದ. ಒಬ್ಬಳು ಪೂರ್ತಿ ಕೇಳಿ, ಹಾಗಾದರೆ ಅವರಿಬ್ಬರೂ ಮನೆ ಬದಲಿಸಿಕೊಂಡು ವಾಸ ಮಾಡಿದರೆ ಸುಲಭವಲ್ಲವೇ ಎಂದಳು. ನಾನು ಫೋನನ್ನು ಮೆಲ್ಲಗೆ ಕೆಳಗಿಟ್ಟೆ.

ಆಗಸ್ಟ್ ಮುಗಿಯಿತು. ಡಾಕ್ಟರು ಬಾಡಿಗೆ ಮನೆ ಬಿಟ್ಟರು. ಸಾಮಾನನ್ನು ಒಂದು ಗೋದಾಮಿಗೆ ಹಾಕಿ, ಲೆಸ್ಟರಿನ ಗೆಳತಿಯೊಬ್ಬರ ಮನೆಯ ಸಣ್ಣ ಕೋಣೆಯಲ್ಲಿ ತಾಯಿ ಮಗಳು ಇದ್ದರು. ಡಾಕ್ಟರು ಬೆಳಿಗ್ಗೆ ಕತ್ತಲಿದ್ದಾಗಲೇ ಮಗಳನ್ನು ಎಬ್ಬಿಸಿ ಬೀಸ್ಟನ್ನಿನ ಶಾಲೆಗೆ ಬಿಟ್ಟು ಆಸ್ಪತ್ರೆಗೆ ಹೋಗುತ್ತಿದ್ದರು. ಮಗಳು ಕಾರಿನಲ್ಲೇ ತಿಂಡಿ ತಿನ್ನುತ್ತಿದ್ದಳಂತೆ. ಒಂದು ಶನಿವಾರ ನಾನು ಅವರನ್ನು ನೋಡಲು ಹೋದೆ. ಮಗಳು ಕನ್ನಡ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ. ನಿಮ್ಮಿಂದಲೇ ನಮಗೆ ಮನೆ ಇಲ್ಲವೇ ಎಂದು ನೇರವಾಗಿ ಕೇಳಿದಳು. ತಾಯಿ ಗದರಿದರು. ಹೌದು ಎಂದೆ ನಾನು. ನನಗೆ ನನ್ನ ಮೇಲೆ ಅನುಮಾನ ಬಂದದ್ದು ಆ ಒಂದು ದಿನ. ಸೋಮವಾರ ಬ್ಯಾಂಕಿಗೆ ಮತ್ತೆ ಫೋನ್ ಮಾಡಿದೆ.

ಅಕ್ಟೋಬರಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಡಾಕ್ಟರಿಗೆ ಸಾಲ ಕೊಡಲು ಒಪ್ಪಿದ್ದ ಬ್ಯಾಂಕಿನ ಪತ್ರದ ಅವಧಿ ಮುಗಿಯುವುದಿತ್ತು. ಮುಂದೂಡಲು ಕೇಳಿದರೆ ತಡಕ್ಕೆ ಕಾರಣ ಏನು ಎಂದರು. ಈ ಸಲ ನಾನು ಬರೀ ಮಾತನ್ನು ನಂಬಿಕೊಳ್ಳಲಿಲ್ಲ. ಕಟ್ಟಡದ ಮುಂದೆ, ಹಿಂದೆ, ಎರಡೂ ಪಕ್ಕಕ್ಕೆ ನಿಂತು ಫೋಟೋ ತೆಗೆದು, ಒಂದೊಂದರ ಕೆಳಗೂ ದಿಕ್ಕು ಬರೆದು, ನಕ್ಷೆಯ ಮೇಲೆ ಎಲ್ಲಿ ನಿಂತು ತೆಗೆದದ್ದು ಎಂದು ಗುರುತು ಹಾಕಿ, ಎರಡೂ ಬ್ಯಾಂಕುಗಳಿಗೆ ಅದೇ ಕಟ್ಟು ಕಳಿಸಿದೆ. ಫೋಟೋ ತೆಗೆಯುವಾಗ ಅಜ್ಜಿ ಕೊಡೆ ಹಿಡಿದು ನಿಂತಿದ್ದಳು. ಹದಿಮೂರು ವಾರ ಮಾತಿನಲ್ಲಿ ಯಾರ ತಲೆಗೂ ಹೋಗದ್ದು ನಾಲ್ಕು ಫೋಟೋದಲ್ಲಿ ಹೋಯಿತು. ಡಾಕ್ಟರ ಬ್ಯಾಂಕು ಅವಧಿ ಹೆಚ್ಚಿಸಿತು. ಮಾಲೀಕನ ಬ್ಯಾಂಕು ಮುಂದಿನ ವಾರ ಒಪ್ಪಿಗೆ ಪತ್ರ ಕಳಿಸಿತು. ಮೊದಲೇ ಇದನ್ನು ಮಾಡಬೇಕಿತ್ತು. ಹೊಳೆಯಲಿಲ್ಲ.

ಅಜ್ಜಿ ಎರಡು ಸಲ ಸಹಿ ಹಾಕಿದಳು, ಒಮ್ಮೆ ಕಂಪನಿಯ ಪರವಾಗಿ, ಒಮ್ಮೆ ತನ್ನ ಪರವಾಗಿ. ಎರಡನೆಯ ಸಹಿಗೆ ಮುಂಚೆ ತಿದ್ದಿದ ನಕ್ಷೆಯನ್ನು ಕೈಯಲ್ಲಿ ಹಿಡಿದು ಗ್ಯಾರೇಜಿನ ಕಡೆಯ ಕಿಟಕಿಯ ಹತ್ತಿರ ಹೋಗಿ ನೋಡಿಕೊಂಡು ಬಂದಳು ಎಂದು ಅವಳ ವಕೀಲರು ಹೇಳಿದರು. ಮನೆಗೇ ಬಂದು ನೋಡುವ ಅಭ್ಯಾಸ ಆ ವಕೀಲರಿಗೂ ಇರಲಿಲ್ಲ, ಅವಳೇ ಕರೆಸಿಕೊಂಡಿದ್ದಳಂತೆ.

ನವೆಂಬರಿನ ಒಂದು ಗುರುವಾರ ಮಧ್ಯಾಹ್ನ ಹಣ ಆ ಕಡೆ ಹೋಯಿತು, ಕೀಲಿಕೈ ಈ ಕಡೆ ಬಂತು. ಶನಿವಾರ ಡಾಕ್ಟರು ಸಾಮಾನು ಸಾಗಿಸುವುದಿತ್ತು. ನಾನೂ ಹೋದೆ. ಗೋದಾಮಿನ ವ್ಯಾನಿನವರು ಮೊದಲ ಮಹಡಿಯ ಬಾಗಿಲವರೆಗೆ ತಂದಿಟ್ಟು ಹೊರಟುಹೋದರು, ಒಳಗೆ ಜೋಡಿಸುವುದು ತಮ್ಮ ಕೆಲಸವಲ್ಲ ಎಂದರು. ಮೆಟ್ಟಿಲ ಮೇಲೆಲ್ಲ ಡಬ್ಬಗಳು. ಮಗಳು ಒಳಗೆ ತನ್ನ ಕೋಣೆ ಯಾವುದು ಎಂದು ಆರಿಸುತ್ತಿದ್ದಳು. ಡಾಕ್ಟರು ಬಾಗಿಲ ಎದುರು ಮಗಳ ಮಂಚದ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ನಗಲಿಲ್ಲ. ಬಹಳ ದಿನದಿಂದ ಇಟ್ಟುಕೊಂಡಿದ್ದ ಮಾತು ಎಂದು ಕಾಣುತ್ತದೆ, ನಿಧಾನವಾಗಿ ಕೇಳಿದರು.

“ಅಕ್ಕಾರ, ಈ ನಾಕ್ ತಿಂಗಳದಾಗ ಮನಿ ಕೈ ತಪ್ಪಿ ಹೋಗಿದ್ರ?”

ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟು ದಿನ ಮಗಳಿಗೆ ಕಾರಿನಲ್ಲಿ ತಿಂಡಿ ತಿನ್ನಿಸಿದವರಿಗೆ ಸುಳ್ಳು ಹೇಳಬಾರದು ಅನ್ನಿಸಿತು.

“ಹೋಗ್ತಿತ್ತು. ನೀವು ನನ್ನ ಶಪಿಸ್ತಿದ್ರಿ. ಆದ್ರೂ ನಾ ಹಿಂಗ ಮಾಡ್ತಿದ್ನಿ.”

ಅವರು ನನ್ನ ಮುಖವನ್ನೇ ನೋಡಿದರು. ಒಳಗಿನಿಂದ ಮಗಳು ಇಂಗ್ಲಿಷಿನಲ್ಲಿ ಕೂಗಿ, ಓಣಿಯ ಕಡೆಗಿರುವ ಕೋಣೆ ತನ್ನದು ಎಂದಳು. ಡಾಕ್ಟರು ಎದ್ದು ನಿಂತು ಮಂಚದ ಒಂದು ತುದಿಗೆ ಕೈ ಹಾಕಿದರು.

“ಹಿಡೀರಿ ಹಂಗಾರ, ಆ ಕಡೆ. ಬಾಗಲಾ ಸಣ್ಣದೈತಿ.”

ಮಂಚವನ್ನು ಅಡ್ಡಡ್ಡ ಹಿಡಿದು ಇಬ್ಬರೂ ಒಳಗೆ ಹೋದೆವು.